ಓದುಗರ ಪ್ರಶ್ನೆ: ಬಾಲದ ಚಕ್ರ ಯಾಕೆ ನಡುಗುತ್ತದೆ?

ಪ್ರಶ್ನೆ: ನಾನಿರುವುದು ಅಮೆರಿಕದಲ್ಲಿ ಸಾರ್. ಗೆಳೆಯನ ಜೊತೆ ಸೇರಿ 1946ರ ಪೈಪರ್ ಜೆ-3 ಕಬ್ ಅನ್ನುವ ಪುಟ್ಟ ವಿಮಾನ ಕೊಂಡಿದ್ದೇವೆ. ಇಳಿದು ಓಡುವಾಗ ಬಾಲದ ಚಕ್ರ ಗಡಗಡ ನಡುಗಿ, ಆ ನಡುಕ ಕಾಲಡಿಯ ಪೆಡಲ್ ತನಕ ಬರುತ್ತದೆ. ಹೊಸ ಚಕ್ರ ಹಾಕಿಸಿದೆವು. ಸ್ವಲ್ಪ ದಿನ ಸುಮ್ಮನಿತ್ತು, ಈಗ ಮತ್ತೆ ಶುರು.

ಉತ್ತರ: ಚಕ್ರಕ್ಕೆ ದುಡ್ಡು ಸುರಿಯುವ ಮೊದಲು ಅದನ್ನು ಹಿಡಿದಿರುವ ಪಟ್ಟಿ ಸ್ಪ್ರಿಂಗ್ ನೋಡಬೇಕಿತ್ತು. ಲಾರಿಗೆ ಇರುತ್ತದಲ್ಲ, ಅಂಥದೇ, ಆದರೆ ಚಿಕ್ಕದು. ವರ್ಷಗಟ್ಟಲೆ ಭಾರ ಹೊತ್ತು ಅದರ ಬಾಗು ಹೋಗಿ ಚಪ್ಪಟೆಯಾಗುತ್ತದೆ. ಚಕ್ರ ಎಡಕ್ಕೆ ಬಲಕ್ಕೆ ಹೊರಳಲು ಇರುವ ನಿಲುವು ಪಿನ್‌ನ ತಲೆ ಆಗ ಮುಂದಕ್ಕೆ ವಾಲುತ್ತದೆ. ನಡುಕದ ಬೇರು ಜಾಸ್ತಿ ಸಲ ಅಲ್ಲೇ ಇರುತ್ತದೆ. ವಿಮಾನವನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಟ್ಯಾಂಕ್ ತುಂಬಿಸಿ, ಗೆಳೆಯನನ್ನು ಒಳಗೆ ಕೂರಿಸಿ (ಊಟ ಆದ ಮೇಲೆ ಆದರೆ ಇನ್ನೂ ಒಳ್ಳೆಯದು), ನೀವು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತೂಗುಗುಂಡು ಹಿಡಿದು ನೋಡಿ. ಪಿನ್ ನೆಟ್ಟಗಿರಬೇಕು, ಇಲ್ಲವೇ ತಲೆ ಚೂರು ಹಿಂದಕ್ಕಿರಬೇಕು. ಮುಂದಕ್ಕಿದ್ದರೆ ಪಟ್ಟಿಗಳನ್ನು ಬದಲಾಯಿಸಿ. ಬಿಚ್ಚಿದಾಗ ಬೋಲ್ಟ್ ತೂತಿನ ಸುತ್ತ ಒರೆಸಿ, ಟಾರ್ಚ್ ಓರೆಯಾಗಿ ಹಿಡಿಯಿರಿ. ಕೂದಲೆಳೆಯಷ್ಟು ಬಿರುಕು ಕಂಡರೂ ಆ ಪಟ್ಟಿ ಗುಜರಿಗೆ. ಪಿನ್ ಸವೆದು ಅಲ್ಲಾಡುತ್ತಿದೆಯಾ, ಪೆಡಲ್ ಒತ್ತಿದಾಗ ಚಕ್ರವನ್ನು ಹೊರಳಿಸುವ ಸರಪಳಿ ಜೋತುಬಿದ್ದಿದೆಯಾ, ಟೈರಲ್ಲಿ ಗಾಳಿ ಕಮ್ಮಿಯಾ, ಅದನ್ನೂ ನೋಡಿಬಿಡಿ.

ಪ್ರಶ್ನೆ: ಮುಂದಿನ ಕಾಲುಗಳ ರಬ್ಬರ್ ಬಂಜಿ (ಇಳಿಯುವಾಗಿನ ಪೆಟ್ಟು ತಾಳುವ ಎಲಾಸ್ಟಿಕ್ ಹಗ್ಗ) ಹೊರಗೆ ಚೆನ್ನಾಗೇ ಕಾಣುತ್ತದೆ. ಬದಲಾಯಿಸಬೇಕಾ? ನಾವೇ ಮಾಡಬಹುದಾ?

ಉತ್ತರ: ಹೊರಗೆ ಕಾಣುವುದು ಬಟ್ಟೆಯ ಹೊದಿಕೆ, ಸೋಲುವುದು ಒಳಗಿನ ರಬ್ಬರ್. ಬಿಸಿಲು, ಎಣ್ಣೆ, ಪೆಟ್ರೋಲು ಮೂರೂ ಅದಕ್ಕೆ ಆಗಿಬರುವುದಿಲ್ಲ. ಹೊದಿಕೆಯಲ್ಲಿ ನೇಯ್ದ ಬಣ್ಣದ ಎಳೆಗಳು ಸುಮ್ನೆ ಚಂದಕ್ಕಲ್ಲ, ತಯಾರಾದ ವರ್ಷ ಮತ್ತು ಯಾವ ಮೂರು ತಿಂಗಳು ಅಂತ ಹೇಳುತ್ತವೆ. ಬಂಜಿ ಹರಿದರೆ ಆ ಕಡೆಯ ಕಾಲು ಅಗಲಕ್ಕೆ ಚಾಚಿ ರೆಕ್ಕೆ ವಾಲುತ್ತದೆ. ಅಮೆರಿಕದ ನಿಯಮದಲ್ಲಿ ಪೈಲಟ್ ಲೈಸೆನ್ಸ್ ಇರುವ ಮಾಲೀಕರು ತಮ್ಮ ಖಾಸಗಿ ವಿಮಾನದ ಬಂಜಿ ತಾವೇ ಬದಲಾಯಿಸಬಹುದು, ಟೈರ್ ಕೂಡ, ಚಕ್ರದ ಬೇರಿಂಗ್ ತೊಳೆದು ಗ್ರೀಸ್ ಕೂಡ ಹಾಕಬಹುದು. ಲಾಗ್‌ಬುಕ್‌ನಲ್ಲಿ ಬರೆದು ಸಹಿ ಹಾಕಬೇಕು, ಅಷ್ಟೇ. ಆದರೆ ಸರಿಯಾದ ಎಳೆಯುವ ಸಾಧನ ಇಲ್ಲದೆ, ಸ್ಕ್ರೂಡ್ರೈವರ್ ತೂರಿಸಿ ಮೀಟಲು ಹೋಗಬೇಡಿ. ಬೆರಳು ಹೋದೀತು. ಮೊದಲ ಸಲವಂತೂ ಗೊತ್ತಿರುವ ಮೆಕ್ಯಾನಿಕ್ ಪಕ್ಕದಲ್ಲಿರಲಿ.

ಪ್ರಶ್ನೆ: ನಮ್ಮ ಬೆಂಗಳೂರಲ್ಲಿ ತಯಾರಾದ ವಿಮಾನಗಳಿಗೂ ಬಾಲದ ಚಕ್ರ ಇತ್ತಾ?

ಉತ್ತರ: ಇತ್ತು. ಎಚ್‌ಎಎಲ್‌ನ ಎಚ್‌ಟಿ-2 1951ರಲ್ಲಿ ಹಾರಿತು, ಪುಷ್ಪಕ್ 1958ರಲ್ಲಿ. ಎರಡೂ ಬಾಲದ ಚಕ್ರದವೇ. ಮೂತಿ ಮೇಲಿದ್ದರೆ ಪ್ರೊಪೆಲ್ಲರ್ ನೆಲದಿಂದ ದೂರ ಇರುತ್ತದೆ, ಹುಲ್ಲಿನ ಮೈದಾನಕ್ಕೆ ಅದೇ ಅನುಕೂಲ. ಕಷ್ಟ ಬೇರೆ ಇದೆ. ಭಾರ ಮುಂದಿನ ಚಕ್ರಗಳ ಹಿಂದೆ ಇರುವುದರಿಂದ, ನೆಲದಲ್ಲಿ ಸ್ವಲ್ಪ ಅಡ್ಡ ತಿರುಗಿದರೂ ಬಾಲ ಮುಂದೆ ಬರಲು ನೋಡುತ್ತದೆ. ಕಲಿಯುವವರ ಕಾಲು ಪೆಡಲ್ ಮೇಲೆ ಸದಾ ಕುಣಿಯುತ್ತಿರುವುದು ಅದಕ್ಕೇ.