ಆಪ್ತಸಲಹೆ ಪ್ರಕರಣ: ಹವಾಲ್ದಾರರ ಬುಲೆಟ್ ಮತ್ತು ಮೊದಲ ಪುಣ್ಯಸ್ಮರಣೆ

(ಗುರುತು ಸಿಗದಂತೆ ಊರು, ವಯಸ್ಸು, ಸೇನೆಯ ಪಡೆ, ಮಕ್ಕಳ ಉದ್ಯೋಗ ಬದಲಿಸಿದೆ. ಪ್ರಕರಣ ಬರೆಯಲು ಕುಟುಂಬದವರ ಒಪ್ಪಿಗೆ ಇದೆ.)

ಬೈಲಹೊಂಗಲ ಸೀಮೆಯ ಕುಟುಂಬ. ಯಜಮಾನರು 69ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. 1974ರಲ್ಲಿ ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್ ಪಡೆಗೆ ಭರ್ತಿ, 1998ರಲ್ಲಿ ಹವಾಲ್ದಾರರಾಗಿ ನಿವೃತ್ತಿ, ಆಮೇಲೆ ಬೆಳಗಾವಿಯ ಒಂದು ಬ್ಯಾಂಕಿನಲ್ಲಿ ಕಾವಲು ಕೆಲಸ. ಪಡೆಯಲ್ಲಿ ಅವರು ಡಿ.ಆರ್., ಅಂದರೆ ಮೋಟಾರ್‌ಸೈಕಲ್ ಮೇಲೆ ಸಂದೇಶ ಒಯ್ಯುವ ಡಿಸ್ಪ್ಯಾಚ್ ರೈಡರ್. ಬುಲೆಟ್ ಹುಚ್ಚು ಅಲ್ಲಿಂದಲೇ ಬಂದದ್ದು. ರಜೆಗೆ ಬಂದಾಗ ಕೊಂಡ 1984ರ ಮಾಡೆಲ್ಲಿನ 350 ಸಿ.ಸಿ. ಬುಲೆಟ್ ಕೊನೆಯ ವಾರದವರೆಗೂ ಓಡಿತ್ತು. ಸವದತ್ತಿ ಗುಡ್ಡ, ಗೋಕಾಕ ಫಾಲ್ಸ್, ಕೂಡಲಸಂಗಮ ಎಲ್ಲವೂ ಅದರ ಮೇಲೆಯೇ.

ಆಪ್ತಸಲಹೆಗೆ ನಮ್ಮಲ್ಲಿಗೆ ಬಂದವರು ಮೂವರು: 63ರ ಪತ್ನಿ, ಪುಣೆಯಲ್ಲಿರುವ ಮಗ, ಮುಧೋಳಕ್ಕೆ ಕೊಟ್ಟ ಮಗಳು. ಜಗಳ ಗಾಡಿಯದು. ಅದನ್ನು ಪುಣೆಗೆ ಒಯ್ದು ಹೊಸದರಂತೆ ಮಾಡಿಸಿ ಅಪ್ಪನ ಹೆಸರಿನಲ್ಲಿ ಲಡಾಖ್‌ಗೆ ಹೋಗಬೇಕೆಂದು ಮಗ. ಪಡಸಾಲೆಯಲ್ಲಿ ನಿಲ್ಲಿಸಿ ದಿನಾ ಒರೆಸುವ ತಾಯಿ, "ಅವರ ಗಾಡಿ ಯಾರೂ ಮುಟ್ಟಬ್ಯಾಡ್ರಿ" ಎನ್ನುತ್ತಾರೆ. ಮಗಳು ಎರಡು ಭೇಟಿ ಸುಮ್ಮನಿದ್ದು ಮೂರನೆಯದರಲ್ಲಿ ಬಾಯಿ ಬಿಟ್ಟಳು: "ಅಣ್ಣಾ, ನೀ ಬರೇ ಯೋಧ, ಯೋಧ ಅಂತೀ. ಜಾತ್ರಿಗೆ ಗಾಡಿ ಟಾಕಿ ಮ್ಯಾಲ ಕೂಡಿಸ್ಕೊಂಡು ಹೋದ ಅಪ್ಪ ಎಲ್ಲಿ ಹ್ವಾದ?"

ಮಗ ಪುಣ್ಯಸ್ಮರಣೆಗೆ ಮಾಡಿಸಿದ ಫ್ಲೆಕ್ಸ್ ನಮೂನೆಯಲ್ಲಿ "ಕಾರ್ಗಿಲ್ ವೀರ" ಎಂದಿತ್ತು. ಕಾರ್ಗಿಲ್ ಯುದ್ಧ ನಡೆದದ್ದು 1999ರಲ್ಲಿ. ತಂದೆ ಅದಕ್ಕಿಂತ ಒಂದು ವರ್ಷ ಮೊದಲೇ ಮನೆಗೆ ಬಂದಿದ್ದರು. ಇದನ್ನು ಬರೀ ತಪ್ಪೆಂದು ತಿದ್ದಿ ಮುಂದೆ ಹೋಗಿದ್ದರೆ ಪ್ರಕರಣದ ತಿರುಳು ಕೈತಪ್ಪುತ್ತಿತ್ತು. ನಿಜವಾದ ತಂದೆಯ ಬಗ್ಗೆ ಮಾತಾಡಲು ಆಗದವರು ದೊಡ್ಡ ಬಿರುದು ಅಂಟಿಸುತ್ತಾರೆ. ಮಗನಿಗೆ ಆಗದೆ ಇದ್ದುದಕ್ಕೆ ಕಾರಣವಿತ್ತು: ರಾತ್ರಿ ಚೀರಿ ಏಳುತ್ತಿದ್ದ, ಸಣ್ಣ ತಪ್ಪಿಗೂ ಬೆಲ್ಟ್ ತೆಗೆಯುತ್ತಿದ್ದ ಅಪ್ಪನನ್ನು ಅವನು ಕಂಡಿದ್ದ. ತಂಗಿ ಹುಟ್ಟಿದ ನಾಲ್ಕು ವರ್ಷಕ್ಕೆ ಅದೇ ಅಪ್ಪ ಮೆತ್ತಗಾಗಿದ್ದ. ಒಂದೇ ಮನೆಯಲ್ಲಿ ಇಬ್ಬರು ಮಕ್ಕಳಿಗೆ ಇಬ್ಬರು ಬೇರೆ ಬೇರೆ ತಂದೆಯರು.

ಮೊದಲು ಮಾಡಿದ್ದು ತಾಯಿಯ ತಪಾಸಣೆ. ಗಾಡಿ ಒರೆಸುವುದು ರೋಗವೇ ಎಂಬುದು ಮಗನ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ದೀರ್ಘಕಾಲದ ಶೋಕವನ್ನು ಕಾಯಿಲೆ ಎನ್ನಲು ಕನಿಷ್ಠ ಆರು ತಿಂಗಳು ಕಳೆದಿರಬೇಕು, ಆ ಸಮುದಾಯದ ರೂಢಿಯನ್ನೂ ಅದು ಮೀರಿರಬೇಕು, ದಿನದ ಬದುಕೂ ಕೆಟ್ಟಿರಬೇಕು. ಈ ತಾಯಿ ಊಟ ಮಾಡುತ್ತಾರೆ, ಓಣಿಯ ಮದುವೆಗೆ ಹೋಗುತ್ತಾರೆ, ಗಂಡನ ಹೆಸರು ಹೇಳಿ ನಗುತ್ತಾರೆ ಕೂಡ. ಶೋಕ ಇದೆ, ರೋಗ ಇಲ್ಲ ಎಂದು ಮಗನಿಗೆ ಸ್ಪಷ್ಟವಾಗಿ ಹೇಳಿದೆವು. ಆದರೆ ಬಿ.ಪಿ. ಮಾತ್ರೆ ನಿಂತು ಹೋಗಿತ್ತು. ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇ.ಸಿ.ಎಚ್.ಎಸ್.) ಪಾಲಿಕ್ಲಿನಿಕ್‌ನಿಂದ ಮಾತ್ರೆ ತರುತ್ತಿದ್ದವರು ಯಜಮಾನರೇ, ಅದೂ ಇದೇ ಬುಲೆಟ್ ಮೇಲೆ. ಒಂಬತ್ತು ತಿಂಗಳು ಮನೆಯಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. ಶೋಕದ ಮನೆಗೆ ಹೋದಾಗ "ತೀರಿಕೊಂಡವರು ದಿನಾ ಯಾವ ಕೆಲಸ ಮಾಡುತ್ತಿದ್ದರು, ಈಗ ಅದನ್ನು ಯಾರು ಮಾಡುತ್ತಾರೆ" ಎಂಬ ಪಟ್ಟಿ ಬರೆಸಿ. ಕಣ್ಣೀರಿನ ಮಾತಿಗಿಂತ ಮೊದಲು ಬರೆಸಿ. ಮಾತ್ರೆ ತರುವ ಹೊಣೆ ಯಜಮಾನರ ಅಣ್ಣನ ಮಗನಿಗೆ ಬಂತು.

(ಊಟ ಬಿಡುವುದು, ತೂಕ ಇಳಿಯುವುದು, "ನಾನೂ ಹೋಗಬೇಕು" ಎನ್ನುವುದು ಕಂಡರೆ ಕಾಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ನೇರ ತೋರಿಸಲು ಈ ಭಾಗದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ.)

ಕಾಗದಪತ್ರದ ಕಡೆ ಬಂದರೆ, ಪಿಂಚಣಿ ಕಡಿಮೆಯಾದದ್ದಕ್ಕೆ ತಾಯಿ ಯಾರೋ ಮೋಸ ಮಾಡಿದ್ದಾರೆ ಎಂದುಕೊಂಡಿದ್ದರು. ಹೆಚ್ಚಿನ ದರದ ಕುಟುಂಬ ಪಿಂಚಣಿ ಸಾವಿನಿಂದ ಏಳು ವರ್ಷ ಅಥವಾ ತೀರಿಕೊಂಡವರಿಗೆ 67 ತುಂಬುತ್ತಿದ್ದ ದಿನ, ಯಾವುದು ಮೊದಲೋ ಅಲ್ಲಿಯವರೆಗೆ. ಇವರು 69ಕ್ಕೆ ತೀರಿದ್ದರಿಂದ ಮೊದಲ ತಿಂಗಳಿನಿಂದಲೇ ಕೊನೆಯ ಮೂಲವೇತನದ ಶೇಕಡಾ 30ರ ದರ. ಇದನ್ನು ಅಂಕಿಯಲ್ಲಿ ಬರೆದು ತೋರಿಸಿದ ಮೇಲೆ ಅರ್ಧ ಸಿಟ್ಟು ಇಳಿಯಿತು. ಸಾವಿನ ನಂತರ ಖಾತೆಗೆ ಬಿದ್ದ ಪೂರ್ಣ ಪಿಂಚಣಿಯನ್ನು ಖರ್ಚು ಮಾಡಬೇಡಿ, ವಾಪಸು ಹಿಡಿಯುತ್ತಾರೆ ಎಂಬುದನ್ನೂ ಪ್ರತಿ ಕುಟುಂಬಕ್ಕೆ ಹೇಳುತ್ತೇವೆ. ಅರ್ಜಿಯಲ್ಲಿ ತೊಡಕು ಬಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಇದೆ. ಪಿ.ಪಿ.ಒ. (ಪಿಂಚಣಿ ಪಾವತಿ ಆದೇಶ) ಮತ್ತು ಡಿಸ್ಚಾರ್ಜ್ ಬುಕ್ (ನಿವೃತ್ತಿಯಾದಾಗ ಕೊಡುವ ಸೇವಾ ದಾಖಲೆ) ಎರಡನ್ನೂ ಒಯ್ಯಿರಿ.

ಗಾಡಿಯ ಕಾಗದದಲ್ಲಿ ಕುಟುಂಬ ತಡ ಮಾಡಿತ್ತು. ಕೇಂದ್ರ ಮೋಟಾರು ವಾಹನ ನಿಯಮ 56ರ ಪ್ರಕಾರ ಮಾಲೀಕರು ತೀರಿದ 30 ದಿನದೊಳಗೆ ಆರ್.ಟಿ.ಒ.ಗೆ ತಿಳಿಸಿದರೆ ವಾರಸುದಾರರು ಮೂರು ತಿಂಗಳು ಗಾಡಿ ಬಳಸಬಹುದು, ಆ ಮೂರು ತಿಂಗಳೊಳಗೆ ಫಾರ್ಮ್ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕು. ಅವಧಿ ಮೀರಿದರೂ ವರ್ಗಾವಣೆ ಆಗುತ್ತದೆ, ದಂಡ ಸೇರುತ್ತದೆ ಅಷ್ಟೆ. ಮರಣ ಪತ್ರ, ಆರ್.ಸಿ., ವಿಮೆ, ಹೊಗೆ ತಪಾಸಣೆ ಪತ್ರದ ಜತೆ ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ. ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣವೂ ಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಹೊತ್ತಿಗೆ ಮನೆಯ ಹಳೆಯ ಮನಸ್ತಾಪವೆಲ್ಲ ಹೊರಬರುತ್ತದೆ. ಅದಕ್ಕಾಗಿ ಆ ಸಹಿಯನ್ನು ಮಾತುಕತೆ ಮುಗಿದ ಮೇಲೆಯೇ ಮಾಡಿಸಿ.

ಯಾರಿಗೆ ಗಾಡಿ ಎಂಬ ತೀರ್ಮಾನವನ್ನು ಪುಣ್ಯಸ್ಮರಣೆಯ ನಂತರಕ್ಕೆ ಇಟ್ಟೆವು. ಆದರೆ ನಿಂತ ಗಾಡಿ ಹಾಳಾಗುತ್ತಿತ್ತು. ಈ ಹಳೆಯ ಎರಕದ ಎಂಜಿನ್ನಿನಲ್ಲಿ ಎಣ್ಣೆಯ ಕೋಠಿ ಎಂಜಿನ್ನಿನ ಜತೆಯಲ್ಲೇ ಇರುತ್ತದೆ. ತಿಂಗಳುಗಟ್ಟಲೆ ನಿಂತರೆ ಎಣ್ಣೆ ಮೆಲ್ಲನೆ ಕ್ರ್ಯಾಂಕ್ ಕೋಣೆಗೆ ಇಳಿಯುತ್ತದೆ. ಹಾಗೇ ಕಿಕ್ ಹೊಡೆದರೆ ಮೋಡದಂಥ ಬಿಳಿ ಹೊಗೆ. ಎಥನಾಲ್ ಬೆರೆತ ಪೆಟ್ರೋಲು ನೀರು ಹೀರಿ ಟಾಕಿಯ ಒಳಗೆ ತುಕ್ಕು ಹಿಡಿಸುತ್ತದೆ, ಕಾರ್ಬುರೇಟರ್‌ನ ಜೆಟ್ ಕಟ್ಟಿಕೊಳ್ಳುತ್ತದೆ. ಯಜಮಾನರ ಕಾಲದಿಂದ ಇದನ್ನು ಬಲ್ಲ ಬೈಲಹೊಂಗಲದ ಮೇಸ್ತ್ರಿಯನ್ನು ಮನೆಗೇ ಕರೆಸಿ, ಮೂವರೂ ಕೂತು ನೋಡುವಂತೆ ಹೇಳಿದೆವು. ಹಳೆ ಪೆಟ್ರೋಲ್ ಬಸಿದು, ಇಳಿದ ಎಣ್ಣೆ ತೆಗೆದು, 20W-50 ಎಣ್ಣೆ ಸುಮಾರು 2 ಲೀಟರ್ ಹಾಕಿ, ಪ್ಲಗ್ ಮತ್ತು ಅದರ ಕಿಡಿಯ ಹೊತ್ತು ನಿರ್ಧರಿಸುವ ಪಾಯಿಂಟ್ ಒರೆಸಿ, ಪಾಯಿಂಟಿನ ಅಂತರ 0.35ರಿಂದ 0.40 ಮಿ.ಮೀ. ಇಟ್ಟರು. ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಸರ್ ಹಿಡಿದು, ಚಾವಿ ಹಾಕದೆ ಹತ್ತಾರು ಕಿಕ್ ಹೊಡೆದು, ರಾಕರ್‌ಗೆ ಹೋಗುವ ನಳಿಗೆಯ ಬೋಲ್ಟ್ ಸಡಿಲಿಸಿ ಎಣ್ಣೆ ಬಂದದ್ದು ಖಾತ್ರಿ ಮಾಡಿಕೊಂಡ ಮೇಲೆಯೇ ಸ್ಟಾರ್ಟ್.

ಆಗ ತಾಯಿ ಕೂತಲ್ಲಿಂದಲೇ ಮೇಸ್ತ್ರಿಗೆ ಹೇಳಿದ್ದು: "ಸೂಜಿ ನಡುವ ಬರೂತನಾ ಮೆಲ್ಲಕ ತುಳಿರಿ, ಆಮ್ಯಾಲ ಡಿಕಂಪ್ರೆಸರ್ ಬಿಟ್ಟು ಒಂದ್ ಕಿಕ್." ವಿದ್ಯುತ್ ಹರಿವು ತೋರಿಸುವ ಆಮ್ಮೀಟರಿನ ಮುಳ್ಳು ನಡುವೆ ನಿಂತರೆ ಪಾಯಿಂಟ್ ತೆರೆದಿದೆ, ಪಿಸ್ಟನ್ ಒತ್ತಡದ ತುದಿಗೆ ಬಂದಿದೆ ಎಂದರ್ಥ. ಬುಲೆಟ್ಟಿನ ಈ ಗುಟ್ಟನ್ನು ಅವರಿಗೆ ಯಾರೂ ಕಲಿಸಿರಲಿಲ್ಲ, ಇಷ್ಟು ವರ್ಷ ಕೇಳಿ ಕೇಳಿ ಬಂದದ್ದು. ಅವರು ಗಾಡಿಗೆ ಕಾವಲು ಕೂತಿದ್ದಾರೆ ಎಂದುಕೊಂಡಿದ್ದ ಮಗನಿಗೆ, ಅದನ್ನು ಅವರು ಬಲ್ಲರು ಎಂಬುದು ಅಂದೇ ತಿಳಿದದ್ದು. ಒಂದು ಎಚ್ಚರಿಕೆ: ಈ ಗಾಡಿಯಲ್ಲಿ ಗೇರು ಬಲಗಾಲಿಗೆ, ಹಿಂಬ್ರೇಕು ಎಡಗಾಲಿಗೆ, ಮೊದಲ ಗೇರು ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಹೊಸ ಗಾಡಿ ಓಡಿಸಿದ ಮೊಮ್ಮಕ್ಕಳು ಗಾಬರಿಯಲ್ಲಿ ಬ್ರೇಕೆಂದು ಗೇರು ತುಳಿಯುತ್ತಾರೆ. ಅಜ್ಜನ ನೆನಪಿಗೆಂದು ಅವರ ಕೈಗೆ ಚಾವಿ ಕೊಡಬಾರದು.

ನುಡಿನಮನಕ್ಕೆ ಏನು ಹೇಳಬೇಕು ಎಂಬುದು ಹೆಚ್ಚು ಸಮಯ ತಿಂದಿತು. ಡಿಸ್ಚಾರ್ಜ್ ಬುಕ್ಕಿನಿಂದ ಶುರು ಮಾಡಿ: ಭರ್ತಿ, ಟ್ರೇಡ್, ಬಡ್ತಿ, ಪದಕ ಎಲ್ಲ ಅದರಲ್ಲಿದೆ. ಕಳೆದಿದ್ದರೆ ಆರ್ಮಿ ನಂಬರ್ ಬರೆದು ಪಡೆಯ ರೆಕಾರ್ಡ್ಸ್ ಕಚೇರಿಗೆ ಅರ್ಜಿ. ಸಿಗ್ನಲ್ಸ್‌ನದು ಜಬಲ್‌ಪುರದಲ್ಲಿದೆ, ಮರಾಠಾ ಲಘು ಪದಾತಿ ದಳದವರಿಗೆ ಬೆಳಗಾವಿಯಲ್ಲೇ. ಪದಕದ ಅಂಚಿನಲ್ಲಿ ನಂಬರು, ಹೆಸರು ಕೊರೆದಿರುತ್ತದೆ. ಬ್ರಾಸೋ ಹಚ್ಚಿ ಉಜ್ಜಿದರೆ ಅಕ್ಷರ ಸವೆಯುತ್ತದೆ, ಒಣ ಬಟ್ಟೆ ಸಾಕು. ಇವರ ಪೆಟ್ಟಿಗೆಯಲ್ಲಿ 9 ಮತ್ತು 20 ವರ್ಷದ ದೀರ್ಘ ಸೇವಾ ಪದಕಗಳ ಜತೆ ಶ್ರೀಲಂಕಾ ಸೇವೆಯ ಪದಕ ಸಿಕ್ಕಿತು. ಭಾರತದ ಶಾಂತಿಪಾಲನಾ ಪಡೆ ಅಲ್ಲಿದ್ದದ್ದು 1987ರಿಂದ 1990ರ ಮಾರ್ಚ್‌ವರೆಗೆ. ಚೀರಿ ಏಳುತ್ತಿದ್ದ ರಾತ್ರಿಗಳು ಅದಾದ ಮೇಲಿನವು ಎಂದು ತಾಯಿ ಲೆಕ್ಕ ಹಾಕಿದರು. ಮಗ ಕೂಡಲೇ, ಅಪ್ಪನಿಗೆ ಯುದ್ಧದ ಮಾನಸಿಕ ಕಾಯಿಲೆ ಇತ್ತೇ ಎಂದು ಕೇಳಿದ. ತೀರಿಕೊಂಡವರಿಗೆ ರೋಗದ ಹೆಸರು ಹಚ್ಚಲು ನಾವು ಒಪ್ಪಲಿಲ್ಲ. ಕಾರಣ ಇದ್ದಿರಬಹುದು, ಬೆಲ್ಟಿನ ಏಟು ಬಿದ್ದದ್ದು ಅದರಿಂದ ಸುಳ್ಳಾಗುವುದಿಲ್ಲ.

ಮೂವರಿಗೂ ಒಂದೊಂದು ಪುಟ, ಓದಿದರೆ ಐದು ನಿಮಿಷ. ಗುಣವಾಚಕ ಬೇಡ: "ಶಿಸ್ತಿನವರು" ಎನ್ನುವ ಬದಲು ಭಾನುವಾರ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗಲೇ ಟ್ಯಾಪೆಟ್ (ವಾಲ್ವಿನ ಸಂದು) ನೋಡುತ್ತಿದ್ದರು, ಪುಷ್‌ರಾಡ್ ಬೆರಳಲ್ಲಿ ತಿರುಗಬೇಕು, ಮೇಲೆ ಕೆಳಗೆ ಅಲ್ಲಾಡಬಾರದು ಎನ್ನುತ್ತಿದ್ದರು ಎಂದು ಬರೆಯಿರಿ. ನೋವಿನ ಒಂದು ಮಾತನ್ನೂ ಬರೆಯಿರಿ, ಸಭೆಯಲ್ಲಿ ಓದುವುದು ಕಡ್ಡಾಯವಲ್ಲ. ಮಗ ತನ್ನದನ್ನು ಅಪ್ಪನಿಗೆ ಪತ್ರದ ರೂಪದಲ್ಲಿ ಬರೆದು ನಮ್ಮಲ್ಲೇ ಓದಿದ. ಫ್ಲೆಕ್ಸ್‌ನಲ್ಲಿ "ಮಾಜಿ ಸೈನಿಕರು, ಸಿಗ್ನಲ್ಸ್, 1974–1998" ಎಂದಷ್ಟೇ ಉಳಿಯಿತು. "ಹುತಾತ್ಮ" ಎಂಬುದು ಕರ್ತವ್ಯದಲ್ಲಿ ಮಡಿದವರಿಗೆ. ಧ್ವಜದ ಚಿತ್ರದ ಮೇಲೆ ಅಕ್ಷರ ಅಚ್ಚು ಮಾಡಿಸುವುದಕ್ಕೂ ಧ್ವಜ ಸಂಹಿತೆ ಒಪ್ಪುವುದಿಲ್ಲ.

ಪುಣ್ಯಸ್ಮರಣೆ ಕಳೆದು ಮೂರು ವಾರದ ನಂತರದ ಭೇಟಿಯಲ್ಲಿ ತಾಯಿ ಆರ್.ಸಿ. ಮಗಳ ಹೆಸರಿಗೆ ಆಗಲಿ, ಗಾಡಿ ಮಾತ್ರ ಪಡಸಾಲೆಯಲ್ಲೇ ಇರಲಿ ಎಂದರು. ಮಗ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾನೆ, ಸಮಾಧಾನದಿಂದಲ್ಲ. ಅವನೊಬ್ಬನೇ ಇನ್ನಷ್ಟು ಭೇಟಿಗೆ ಬರಬೇಕೆಂದು ಸೂಚಿಸಿದ್ದೇವೆ. ದಿನಾಂಕ ಇನ್ನೂ ಕೊಟ್ಟಿಲ್ಲ.