ಫೋಕಸ್ ಅಂದರೆ ಮೊದಲು ಒಲೆ

ಫೋಕಸ್ ಅನ್ನುವ ಪದ ಎಲ್ಲಿಂದ ಬಂತು, ಅದಕ್ಕೆ ಎಷ್ಟು ಅರ್ಥ ಇದೆ, ಕಾನ್ಸಂಟ್ರೇಟ್ ಅಂದರೂ ಅದೇನಾ ಅಂತ ಕೇಳಿದ್ದೀರಿ. ನನಗೆ ತುಂಬಾ ಇಷ್ಟವಾದ ಪದ ಇದು, ಹಾಗಾಗಿ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಲ್ಯಾಟಿನ್‌ನಲ್ಲಿ ಫೋಕಸ್ ಅಂದರೆ ಮನೆಯ ಒಲೆ, ಬೆಂಕಿ ಉರಿಸುವ ಜಾಗ. ಮನಸ್ಸಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ರೋಮನ್ನರಿಗೆ ಅದು ಬರೀ ಅಡುಗೆಯ ಜಾಗವೂ ಅಲ್ಲ, ಮನೆದೇವರಿಗೆ ನೈವೇದ್ಯ ಕೊಡುತ್ತಿದ್ದದ್ದೂ ಅಲ್ಲೇ. ಬೆಂಕಿಗೆ ಅವರ ಹಳೆಯ ಪದ ಇಗ್ನಿಸ್, ನಮ್ಮ ಅಗ್ನಿಯ ನಂಟ. ಆದರೆ ಜನರ ಆಡುಮಾತಿನಲ್ಲಿ ಇಗ್ನಿಸ್ ಮೂಲೆಗೆ ಸರಿದು, ಒಲೆಯ ಹೆಸರೇ ಬೆಂಕಿಯ ಹೆಸರಾಯಿತು. ಇಟಾಲಿಯನ್‌ನ ಫುಓಕೊ, ಸ್ಪ್ಯಾನಿಷ್‌ನ ಫುಎಗೊ, ಫ್ರೆಂಚ್‌ನ ಫ್ಯೋ ಎಲ್ಲಾ ಇದರಿಂದಲೇ ಹುಟ್ಟಿದವು. ನಾವು ದಿನಾ ಕೇಳುವ ಫ್ಯೂಯಲ್ ಕೂಡ ಇದೇ ಮನೆತನದ್ದು. ಕರ್ಫ್ಯೂ ಅಂತೂ ಫ್ರೆಂಚ್‌ನಲ್ಲಿ 'ಬೆಂಕಿ ಮುಚ್ಚು' ಅನ್ನುವ ಮಾತು, ಯಾಕೆಂದರೆ ಹಿಂದೆ ರಾತ್ರಿ ಗಂಟೆ ಬಾರಿಸಿದ ಮೇಲೆ ಮನೆಮನೆಯಲ್ಲೂ ಒಲೆಯ ಕೆಂಡ ಮುಚ್ಚಬೇಕಿತ್ತು.

ಈ ಒಲೆಯನ್ನು ಗಣಿತಕ್ಕೆ ತಂದವನು ಜರ್ಮನ್ ಖಗೋಳ ವಿಜ್ಞಾನಿ ಯೋಹಾನ್ಸ್ ಕೆಪ್ಲರ್. 1604ರಲ್ಲಿ ಬೆಳಕಿನ ಬಗ್ಗೆ ಬರೆದ ಪುಸ್ತಕದಲ್ಲಿ ದೀರ್ಘವೃತ್ತದಂಥ (ಉದ್ದಕ್ಕೆ ಎಳೆದಂತಿರುವ ವೃತ್ತ) ವಕ್ರರೇಖೆಗಳ ಒಳಗಿನ ಕೆಲವು ವಿಶೇಷ ಬಿಂದುಗಳಿಗೆ, ಬೆಳಕನ್ನು ಮನಸ್ಸಿನಲ್ಲಿಟ್ಟುಕೊಂಡು, ಈ ಹೆಸರು ಕೊಟ್ಟ. ಒಲೆಯೇ ಯಾಕೆ ಅಂದರೆ, ಸಾಮಾನ್ಯವಾಗಿ ಕೊಡುವ ವಿವರಣೆ ಇದು: ಭೂತಗನ್ನಡಿಯನ್ನು ಬಿಸಿಲಿಗೆ ಹಿಡಿದರೆ ಕಿರಣಗಳೆಲ್ಲ ಒಂದು ಚುಕ್ಕೆಯಲ್ಲಿ ಸೇರಿ ಕೆಳಗಿನ ಕಾಗದ ಹೊತ್ತಿಕೊಳ್ಳುತ್ತದೆ ಅಲ್ವಾ, ಆ ಚುಕ್ಕೆಯೇ ಒಲೆ. ಐದು ವರ್ಷದ ನಂತರ, 1609ರಲ್ಲಿ, ಅವನೇ ಮಂಗಳ ಗ್ರಹ ದೀರ್ಘವೃತ್ತದಲ್ಲಿ ಸುತ್ತುತ್ತದೆ, ಸೂರ್ಯ ಅದರ ಒಂದು ಫೋಕಸ್‌ನಲ್ಲಿದ್ದಾನೆ ಅಂತ ಪ್ರಕಟಿಸಿದ. ಒಲೆ ಅಂತ ಹೆಸರಿಟ್ಟ ಜಾಗದಲ್ಲಿ ಸೂರ್ಯನೇ ಸಿಕ್ಕಿದ! ಇದನ್ನು ಯಾವಾಗ ನೆನೆಸಿಕೊಂಡರೂ ನನಗೆ ಖುಷಿಯಾಗುತ್ತದೆ.

ಉಳಿದ ಅರ್ಥಗಳು ಇಲ್ಲಿಂದ ಕವಲೊಡೆದವು. ಮಸೂರದಲ್ಲಿ ಕಿರಣಗಳು ಸೇರುವ ಬಿಂದು (ನಮ್ಮ ಶಾಲೆಯ ವಿಜ್ಞಾನ ಪುಸ್ತಕದ 'ಸಂಗಮ ದೂರ' ನೆನಪಿರಬಹುದು, ಮಸೂರದಿಂದ ಈ ಬಿಂದುವಿಗೆ ಇರುವ ದೂರ ಅದು), ಕ್ಯಾಮೆರಾದಲ್ಲಿ ಚಿತ್ರ ಸ್ಪಷ್ಟವಾಗುವುದು, ಭೂಕಂಪ ನೆಲದೊಳಗೆ ಶುರುವಾಗುವ ಜಾಗ, ದೇಹದಲ್ಲಿ ರೋಗ ಬೇರೂರಿದ ಜಾಗ. 'ಗಮನ ಇಡು' ಅನ್ನುವ ಅರ್ಥ ಬಂದದ್ದು ತೀರಾ ಈಚೆಗೆ, 19ನೇ ಶತಮಾನದಲ್ಲಿ. ಇವತ್ತು ಅದೇ ಮೊದಲು ನೆನಪಾಗುತ್ತದೆ.

ಕಾನ್ಸಂಟ್ರೇಟ್ ಬೇರೆ ದಾರಿಯಲ್ಲಿ ಬಂದ ಪದ. ಅದರೊಳಗೆ ಇರುವುದು ಸೆಂಟರ್, ಅದರ ಮೂಲ ಗ್ರೀಕ್‌ನ ಕೆಂಟ್ರಾನ್, ಅಂದರೆ ಚೂಪಾದ ಮೊನೆ, ಎತ್ತನ್ನು ತಿವಿಯುವ ಕೋಲು. ಕೈವಾರದ ಊರಿದ ಮೊನೆಗೂ ಅದೇ ಹೆಸರು, ವೃತ್ತದ ನಡುವಿಗೆ ಆ ಹೆಸರು ಬಂದದ್ದು ಹಾಗೆ. ಗ್ರೀಕರ ಜ್ಯೋತಿಷ್ಯದ ಜೊತೆ ಈ ಪದ ಸಂಸ್ಕೃತಕ್ಕೂ ಬಂದು 'ಕೇಂದ್ರ' ಆಯಿತು, ಅಲ್ಲಿಂದ ಕನ್ನಡಕ್ಕೆ.

ಬಳಕೆಯಲ್ಲಿ, ಓದಿನ ಮೇಲೆ ಗಮನ ಇಡುವ ವಿಷಯಕ್ಕೆ ಎರಡೂ ನಡೆಯುತ್ತವೆ. ಆದರೆ ಫೋಕಸ್‌ನಲ್ಲಿ ಯಾವುದರ ಕಡೆ ತಿರುಗಿದ್ದೀರಿ ಅನ್ನುವುದು ಮುಖ್ಯ, ಕಾನ್ಸಂಟ್ರೇಟ್‌ನಲ್ಲಿ ಚದುರಿದ್ದನ್ನು ಒಟ್ಟು ಮಾಡುವುದು ಮುಖ್ಯ. ಅದಕ್ಕೇ ಕ್ಯಾಮೆರಾಗೆ ಫೋಕಸ್ ಮಾತ್ರ ಹೊಂದುತ್ತದೆ, ಹಣ್ಣಿನ ರಸದ ನೀರು ತೆಗೆದು ಗಟ್ಟಿ ಮಾಡುವುದಕ್ಕೆ ಕಾನ್ಸಂಟ್ರೇಟ್ ಮಾತ್ರ.