ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ಆದರೂ ರೈತರು ಯಾಕೆ ಗೊಣಗುತ್ತಾರೆ?

ಉಚಿತ ಅಂತ ನೀವು ಕೇಳಿದ್ದು ನಿಜ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗಳ ಕರೆಂಟ್ ಬಿಲ್ಲನ್ನು ಸರ್ಕಾರವೇ ಕಟ್ಟುತ್ತದೆ. ನಮ್ಮ ಸಿಟ್ಟು ಬಿಲ್ಲಿನದ್ದಲ್ಲ, ಹೊತ್ತಿನದ್ದು.

ತುಮಕೂರು ಜಿಲ್ಲೆಯಲ್ಲಿ ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ, ಒಂದೇ ಬೋರು. ಅದರ ಮೋಟಾರಿಗೆ ತ್ರೀ ಫೇಸ್, ಅಂದರೆ ಮೂರು ತಂತಿಯ ಕರೆಂಟ್ ಬೇಕು. ಅದು ದಿನಕ್ಕೆ 7 ಗಂಟೆ ಅಂತ ಲೆಕ್ಕ. ನಮ್ಮ ಲೈನಿಗೆ ಹಗಲು 4, ರಾತ್ರಿ 3. ಹಗಲಿನದ್ದು ನೆಚ್ಚುವ ಹಾಗಿಲ್ಲ. ಪೈಪು ತುಂಬಿ ನೀರು ಕೊನೆಯ ಸಾಲು ಮುಟ್ಟುವಷ್ಟರಲ್ಲಿ ಲೈನ್ ಟ್ರಿಪ್ ಆಗಿ ಕರೆಂಟ್ ಹೋಗುತ್ತದೆ, ಬಂದ ಮೇಲೆ ಮತ್ತೆ ಮೊದಲಿನಿಂದ. ಹಾಗಾಗಿ ತೋಟ ಸರಿಯಾಗಿ ನೆನೆಯುವುದು ರಾತ್ರಿಯೇ. ಒಂದಕ್ಕೋ ಎರಡಕ್ಕೋ ಕರೆಂಟ್ ಬರುತ್ತದೆ, ಗೇಟ್‌ವಾಲ್ವ್ ತಿರುಗಿಸಲು ಅಪ್ಪ ಟಾರ್ಚ್ ಹಿಡಿದು ಹೊರಡುತ್ತಾರೆ. ಎರಡು ವರ್ಷದ ಹಿಂದೆ ಪಂಪ್‌ಹೌಸ್ ಬಾಗಿಲಲ್ಲೇ ಕೊಳಕುಮಂಡಲ ಹಾವು ಮಲಗಿತ್ತು. ಅವತ್ತಿನಿಂದ ಅವರು ವಾಪಸ್ ಬರುವ ತನಕ ಅಮ್ಮ ಜಗಲಿಯಲ್ಲೇ ಕೂತಿರುತ್ತಾಳೆ.

ಕರೆಂಟ್ ಬಂದ ಕೂಡಲೇ ಮೋಟಾರನ್ನು ತಾನೇ ಚಾಲೂ ಮಾಡುವ ಆಟೋ ಸ್ಟಾರ್ಟರ್ ಹಾಕಬಾರದೇ ಅಂತ ಕೇಳುತ್ತಾರೆ. ಹಾಕಿದ್ದೆವು, ಈಗ ತೆಗೆದಿದ್ದೇವೆ. ಮೋಟಾರು ಎದ್ದೇಳುವಾಗ, ಓಡುವಾಗಿನದ್ದರ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಕರೆಂಟ್ ಬಂದ ಕೂಡಲೇ ಎಲ್ಲರ ಮೋಟಾರೂ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿದು ಯಾರದ್ದಾದರೂ ಕಾಯಿಲ್ ಸುಡುತ್ತದೆ, ಇಲ್ಲವೇ ಟಿಸಿಯೇ (ಲೈನಿನ ಟ್ರಾನ್ಸ್‌ಫಾರ್ಮರ್) ಹೋಗುತ್ತದೆ. ಹೋದ ಬೇಸಿಗೆಯಲ್ಲಿ ಟಿಸಿಯೇ ಹೋಯಿತು. ಹಳ್ಳಿಯಲ್ಲಿ ಸುಟ್ಟ ಟಿಸಿಯನ್ನು 72 ಗಂಟೆಯೊಳಗೆ ಬದಲಿಸಬೇಕು ಅಂತ ನಿಯಮವಿದೆ. ನಮಗೆ ಬಂದದ್ದು ಹನ್ನೊಂದನೇ ದಿನ, ಅದೂ ನಾವೇ ತಲೆಗಿಷ್ಟು ಅಂತ ದುಡ್ಡು ಹಾಕಿ, ಅದನ್ನು ತರಲು ಟ್ರ್ಯಾಕ್ಟರ್ ಕಳಿಸಿದ ಮೇಲೆ. ಅಷ್ಟರಲ್ಲಿ ಮರದ ಬುಡದ ತುಂಬ ಹರಳು, ಅಂದರೆ ಎಳೆ ಅಡಿಕೆಕಾಯಿ, ಉದುರಿತ್ತು. ಆ ಗೊನೆಗಳು ಇಡೀ ವರ್ಷದ ಸಂಸಾರ.

ಲೈನ್‌ಮನ್‌ನ ಬೈಯಲು ನನಗೆ ಮನಸ್ಸಿಲ್ಲ. ಮಳೆಗಾಳಿಯಲ್ಲಿ ಕಂಬ ಹತ್ತುವವನು ಅವನು, ಸುತ್ತಲಿನ ಏಳೆಂಟು ಹಳ್ಳಿಗೆ ಅವನೊಬ್ಬನೇ.

ನನ್ನ ಮಟ್ಟಿಗೆ ಹೇಳುವುದಾದರೆ, ಯೂನಿಟ್‌ಗಿಷ್ಟು ಅಂತ ದುಡ್ಡು ಕಟ್ಟಲೂ ಸಿದ್ಧ. ಐದೇ ಗಂಟೆ ಕೊಡಲಿ, ಆದರೆ ಹಗಲಲ್ಲಿ, ಹೇಳಿದ ಹೊತ್ತಿಗೆ, ನಡುವೆ ಕೈಕೊಡದ ಹಾಗೆ. ಇವತ್ತೂ ರಾತ್ರಿ ಒಂದಕ್ಕೇ ಕರೆಂಟ್. ಅಪ್ಪನಿಗೆ ಅರವತ್ತೆಂಟು. ನಾನು ಹೋಗ್ತೀನಿ ಬಿಡಿ ಅಂದರೆ, "ಕತ್ತಲಲ್ಲಿ ಯಾವ ವಾಲ್ವ್ ಎಲ್ಲಿದೆ ಅಂತ ನಿಂಗೆ ಗೊತ್ತಾಗಲ್ಲ, ಮಲಗು" ಅನ್ನುತ್ತಾರೆ.